ಫಿಲ್ಲರ್ ಹಾಕಿಸುವ ಮೊದಲು ಕ್ಯಾಲೆಂಡರ್ ನೋಡಿ

ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ 14 ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಮದುವೆ ಸೀಸನ್ ಬಂತೆಂದರೆ ಕುರ್ಚಿಯಲ್ಲಿ ಕೂತವರು ಮೆಲ್ಲಗೆ ಕೇಳುತ್ತಾರೆ, "ಅಕ್ಕಾ, ಫಿಲ್ಲರ್ ನೀವೇ ಹಾಕ್ತೀರಾ?" ಇಲ್ಲ, ಹಾಕುವುದಿಲ್ಲ. ಫಿಲ್ಲರ್ ಅಂದರೆ ಕೆನ್ನೆ, ತುಟಿ ತುಂಬಿಕೊಂಡು ಕಾಣಲಿ ಅಂತ ಸೂಜಿಯಿಂದ ಚರ್ಮದೊಳಗೆ ಹಾಕುವ ಜೆಲ್. ಯಾವ ಪಾರ್ಲರ್‌ನಲ್ಲೂ ಹಾಕಿಸಬೇಡಿ. ಮುಖದಲ್ಲಿ ಯಾವ ರಕ್ತನಾಳ ಎಲ್ಲಿ ಹೋಗುತ್ತದೆ ಅಂತ ಓದಿದವರು ಹಿಡಿಯಬೇಕಾದ ಸೂಜಿ ಅದು. ಹೋದ ವರ್ಷ ನನ್ನ ಕೆನ್ನೆಗೆ ಹಾಕಿಸಿಕೊಂಡಿದ್ದೂ ಚರ್ಮದ ಡಾಕ್ಟರ್ ಹತ್ತಿರವೇ.

ಮದುವೆಯೋ ಗೃಹಪ್ರವೇಶವೋ ಇದ್ದರೆ ಒಂದು ತಿಂಗಳು ಮುಂಚೆ ಮುಗಿಸಿ. ಊತ ಮೊದಲ ಎರಡು ಮೂರು ದಿನ ಜಾಸ್ತಿ. ನೀಲಿಗಟ್ಟಿದ್ದು ಹೋಗಲು ಒಂದೆರಡು ವಾರ ಬೇಕು. ನಿಜವಾದ ಆಕಾರ ಕಾಣುವುದು ಎರಡು ವಾರ ಕಳೆದ ಮೇಲೆ. ಆಮೇಲೆ ಸ್ವಲ್ಪ ಸರಿಮಾಡಿಸಬೇಕು ಅನ್ನಿಸಿದರೆ ಅದಕ್ಕೂ ದಿನ ಬೇಕಲ್ವಾ?

ಡಾಕ್ಟರ್ ಹತ್ತಿರ ಏನನ್ನೂ ಮುಚ್ಚಿಡಬೇಡಿ. ನಾನು ಎರಡು ದಿನ ಮುಂಚೆ ಮಂಡಿನೋವಿಗೆ ಐಬುಪ್ರೊಫೇನ್ ನುಂಗಿದ್ದೆ, ಹೇಳಲಿಲ್ಲ. ಎಡಗೆನ್ನೆ ಮೇಲೆ ನೇರಳೆಹಣ್ಣಿನ ಬಣ್ಣದ ಕಲೆ ಎದ್ದಿತು, 12 ದಿನ ಉಳಿಯಿತು. ಇಂಥ ನೋವಿನ ಮಾತ್ರೆ, ಆಸ್ಪಿರಿನ್, ಮೀನೆಣ್ಣೆ, ವಿಟಮಿನ್ ಇ ಮಾತ್ರೆ ರಕ್ತ ಬೇಗ ನಿಲ್ಲದ ಹಾಗೆ ಮಾಡುತ್ತವೆ. ಸಾಮಾನ್ಯವಾಗಿ ಒಂದು ವಾರ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಆದರೆ ಹಾರ್ಟಿಗೆ ಅಂತ ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದವರನ್ನೇ ಕೇಳಿ. ತುಟಿ ಮೇಲೆ ಆಗಾಗ ಜ್ವರದ ಗುಳ್ಳೆ ಏಳುತ್ತಿದ್ದರೆ, ಹಲ್ಲಿನ ಡಾಕ್ಟರ್ ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್ ಹಿಂದೆ ಒಗ್ಗದೆ ಹೋಗಿದ್ದರೆ, ಅದನ್ನೂ ಹೇಳಿ. ಬಸುರಿಯರು, ಎದೆಹಾಲು ಕೊಡುವವರು ಈಗ ಬೇಡ. ಮುಖದಲ್ಲಿ ಕೀವುಗುಳ್ಳೆ ಇದ್ದರೆ ವಾಸಿಯಾಗುವ ತನಕ ತಡೆಯಿರಿ. ಹಲ್ಲಿನ ಕೆಲಸ ಇದ್ದರೆ ಹಿಂದೆ ಮುಂದೆ ಎರಡೆರಡು ವಾರ ಬಿಡಿ.

ಡಾಕ್ಟರನ್ನು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: "ಇದು ಹಯಲುರಾನಿಕ್ ಆಸಿಡ್ ಫಿಲ್ಲರ್ರಾ? ಕರಗಿಸುವ ಹಯಲುರಾನಿಡೇಸ್ ಇಲ್ಲೇ ಇಟ್ಟಿದ್ದೀರಾ?" ಕೇಳಲು ನಾಚಿಕೆ ಬೇಡ. ಈ ಬಗೆಯ ಫಿಲ್ಲರ್ ರಕ್ತನಾಳದಲ್ಲಿ ಕಟ್ಟಿಕೊಂಡು ಎಡವಟ್ಟಾದರೆ ಕರಗಿಸಿ ಕಾಪಾಡುವುದು ಆ ಔಷಧಿಯೇ. ಫಿಲ್ಲರ್ ಡಬ್ಬಿ ನಿಮ್ಮ ಎದುರೇ ಒಡೆಯಲಿ. ಅದರ ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಇಸಿದುಕೊಂಡು ಫೈಲಿಗೆ ಅಂಟಿಸಿ.

ಆ ದಿನ ಎರಡು ಇಡ್ಲಿ ತಿಂದು ಹೋಗಿ, ಖಾಲಿ ಹೊಟ್ಟೆಗೆ ತಲೆ ಸುತ್ತಬಹುದು. ಸ್ಕೂಟಿ ಬೇಡ, ಆಟೋದಲ್ಲಿ ಹೋಗಿ. ವಾಪಸ್ ಬರುವಾಗ ಹೆಲ್ಮೆಟ್ ಕೆನ್ನೆಯನ್ನು ಒತ್ತುತ್ತದೆ. ತುಟಿಗೆ ಹಾಕಿಸಿದ್ದರೆ ಮರಗಟ್ಟಿದ್ದು ಬಿಡುವ ತನಕ ಬಿಸಿ ಕಾಫಿ, ಬೆಣ್ಣೆ ದೋಸೆ ಮುಟ್ಟಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ. ಮಿರ್ಚಿ ಮಂಡಕ್ಕಿ ಊತ ಇಳಿದ ಮೇಲೆ ತಿಂದರಾಯಿತು.

ಮನೆಗೆ ಬಂದ ಮೇಲೆ ಐಸನ್ನು ಹಳೇ ಪಂಚೆ ತುಂಡಿನಲ್ಲಿ ಸುತ್ತಿ ಐದು ಹತ್ತು ನಿಮಿಷ ಹಗುರವಾಗಿ ಇಡಿ, ಒತ್ತಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ರಾತ್ರಿ ಎರಡು ದಿಂಬು ಹಾಕಿ ಅಂಗಾತ ಮಲಗಿ. ಎರಡು ದಿನ ಕುಂದವಾಡ ಕೆರೆ ವಾಕಿಂಗ್ ಬೇಡ, ಮಧ್ಯಾಹ್ನದ ಬಿಸಿಲು ಬೇಡ, ಕುದಿಯುವ ಪಾತ್ರೆ ಮೇಲೆ ಬಗ್ಗುವುದೂ ಬೇಡ. ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ. ಸೂಜಿ ಚುಚ್ಚಿದ ತೂತು ಇನ್ನೂ ಮುಚ್ಚಿರುವುದಿಲ್ಲ. ಮೇಕಪ್ ಮರುದಿನದ ತನಕ ತಡೆಯಲಿ.

ಇನ್ನೊಂದು ವಿಷಯ ಮನೆಯವರಿಗೂ ಗೊತ್ತಿರಲಿ. ಹಾಕಿ ಮುಗಿದ ಮೇಲೆ ಡಾಕ್ಟರ್ ನನ್ನ ಕೆನ್ನೆಯನ್ನು ಬೆರಳಿನಿಂದ ಒತ್ತಿ ಬಿಟ್ಟರು. ಬಿಳಿಯಾದ ಜಾಗ ತಟ್ಟನೆ ಕೆಂಪಗಾಯಿತು. "ರಕ್ತ ಓಡಾಡ್ತಿದೆ, ನೋಡಿ" ಎಂದು ಕನ್ನಡಿ ಹಿಡಿದರು. ಫಿಲ್ಲರ್ ರಕ್ತನಾಳದೊಳಗೆ ಹೋಗಿ ಕಟ್ಟಿಕೊಂಡರೆ ಚರ್ಮ ಬಿಳಿಚಿಕೊಳ್ಳುತ್ತದೆ. ಇಲ್ಲವೇ ಬಲೆ ಹಾಸಿದ ಹಾಗೆ ನೀಲಿ ಬೂದು ಗೆರೆ ಮೂಡುತ್ತವೆ. ನೋವು ಇಳಿಯುವ ಬದಲು ಏರಬಹುದು. ಕೆಲವೊಮ್ಮೆ ನೋವೇ ಇರುವುದಿಲ್ಲ, ಬಣ್ಣ ನೋಡಿಯೇ ಎಚ್ಚರಾಗಬೇಕು. ಅಂಥ ಕಡೆ ಐಸ್ ಇಡಬೇಡಿ. ಬೆಳಗಾಗಲಿ ಎಂದು ಕಾಯಬೇಡಿ. ಸುಮ್ನೆ ಫೋಟೋ ಕಳಿಸಿ ಕೂರದೆ ಆ ಗಳಿಗೆಯಲ್ಲೇ ಫಿಲ್ಲರ್ ಹಾಕಿದ ಡಾಕ್ಟರ್ ಹತ್ತಿರ ಹೋಗಿ. ಕಣ್ಣು ಮಂಜಾದರೆ, ಎರಡೆರಡು ಕಂಡರೆ, ಮಾತು ತೊದಲಿದರೆ ನೇರ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ. ದಾರಿಯಲ್ಲೇ ಡಾಕ್ಟರ್‌ಗೆ ಫೋನ್ ಮಾಡಿ. ಕೆಲವು ದಿನ ಕಳೆದ ಮೇಲೆ ಬಿಸಿ, ಕೆಂಪು, ಜ್ವರ ಬಂದರೂ ತೋರಿಸಿ, ಅದು ಸೋಂಕು ಇರಬಹುದು.

ಕೈಗೆ ಸಣ್ಣ ಗಂಟು ಸಿಕ್ಕರೆ ಗಾಬರಿ ಬೇಡ, ಸಾಮಾನ್ಯವಾಗಿ ತಾನಾಗಿ ಕೂರುತ್ತದೆ. ಡಾಕ್ಟರ್ ಹೇಳದೆ ತಿಕ್ಕಬೇಡಿ. ಎರಡು ವಾರ ಫೇಶಿಯಲ್, ಬ್ಲೀಚ್, ಸ್ಟೀಮ್ ಯಾವುದೂ ಬೇಡ. ಅಷ್ಟರೊಳಗೆ ನನ್ನ ಪಾರ್ಲರ್‌ಗೆ ಬಂದರೆ ತಲೆಗೆ ಮೆಹಂದಿ ಹಚ್ಚಿ ಕಳಿಸುತ್ತೇನೆ, ಮುಖ ಮಾತ್ರ ಮುಟ್ಟುವುದಿಲ್ಲ.