ತುಲಾ ಸಂಕ್ರಮಣದೊಳಗೆ ಗಾಳಿಯ ಸಂದಿ ಮುಚ್ಚಿ

ರಜೆಗೆ ಮಡಿಕೇರಿಗೆ ಬಂದಾಗಲೆಲ್ಲ ಕೆನಡಾಕ್ಕೆ ಹೊರಟ ಹುಡುಗರು ಯಾರಾದರೂ ಸಿಗುತ್ತಾರೆ. "ನಮಗೆ ಚಳಿ ಹೊಸದಲ್ಲ ಅಂಕಲ್" ಅನ್ನುತ್ತಾರೆ. ವಿನ್ನಿಪೆಗ್‌ಗೆ ಹೋಗುವಾಗ ನಾನೂ ಹಾಗೇ ಅಂದಿದ್ದೆ. ಇಲ್ಲಿಯ ಚಳಿಗೆ ಕಂಬಳಿ ಸಾಕು. ಅಲ್ಲಿ ಜನವರಿ ರಾತ್ರಿಗಳಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದುಂಟು.

ಆ ಚಳಿಯಲ್ಲಿ ಮನೆ ಬೆಚ್ಚಗಿಡಬೇಕೆಂದರೆ ಮೊದಲು ಬಾಡಿಗೆ ಕರಾರು ನೋಡಿ. ಹೀಟಿಂಗ್ ಬಾಡಿಗೆಯಲ್ಲೇ ಸೇರಿದೆಯೋ, ಬೇರೆ ಬಿಲ್ ಬರುತ್ತದೋ ಎಂದು ಸಹಿ ಹಾಕುವ ಮುಂಚೆಯೇ ಕೇಳಿ.

ಮಳೆ ಹಿಡಿಯುವ ಮೊದಲು ನಾವು ಸೌದೆ ಒಟ್ಟಿ, ಹಂಚು ಸರಿಮಾಡಿಸುತ್ತೇವಲ್ಲ, ಅಲ್ಲಿ ಚಳಿಗೆ ಮುಂಚಿನ ಅಂಥ ಕೆಲಸಕ್ಕೆ ನನ್ನ ಗಡುವು ತುಲಾ ಸಂಕ್ರಮಣದ ತಲಕಾವೇರಿ ತೀರ್ಥೋದ್ಭವ, ಅಂದರೆ ಅಕ್ಟೋಬರ್ 17ರ ಆಸುಪಾಸು. ಗಾಳಿ ಜೋರಾಗಿರುವ ದಿನ ಊದುಬತ್ತಿ ಹಚ್ಚಿ ಕಿಟಕಿ, ಬಾಗಿಲ ಅಂಚಿನುದ್ದಕ್ಕೂ ಹಿಡಿಯಿರಿ. ಹೊಗೆ ಎಲ್ಲಿ ಅಡ್ಡ ಬೀಳುತ್ತದೋ ಅಲ್ಲಿಂದ ನಿಮ್ಮ ದುಡ್ಡು ಹೊರಗೆ ಹೋಗುತ್ತಿದೆ. ಸಂದಿಗೆ ಫೋಮ್ ಪಟ್ಟಿ ಅಂಟಿಸಿ. ಹಳೆಯ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಸಿಗುತ್ತದೆ. ಟೇಪ್‌ನಿಂದ ಅಂಟಿಸಿ ಹೇರ್ ಡ್ರೈಯರ್‌ನ ಬಿಸಿ ಕೊಟ್ಟರೆ ಡೋಲಿನ ಚರ್ಮದಂತೆ ಬಿಗಿಯುತ್ತದೆ. ಬಾಡಿಗೆ ಮನೆಗೆ ಇದಕ್ಕಿಂತ ಅಗ್ಗದ ಉಪಾಯ ನಾನು ಕಂಡಿಲ್ಲ.

ಮನೆಯ ಬಿಸಿ ಎಷ್ಟಿರಬೇಕೆಂದು ತಿರುಗಿಸಿಡುವ ಥರ್ಮೋಸ್ಟಾಟ್ ವಿಷಯದಲ್ಲಿ ನಮ್ಮವರೆಲ್ಲರದೂ ಒಂದೇ ತಪ್ಪು. ಬೇಗ ಬೆಚ್ಚಗಾಗಲಿ ಎಂದು 28ಕ್ಕೆ ತಿರುಗಿಸುವುದು. ಸಾಮಾನ್ಯ ಫರ್ನೇಸ್, ಅಂದರೆ ಮನೆಗೆಲ್ಲ ಬಿಸಿಗಾಳಿ ಊದುವ ಯಂತ್ರ, ಅದರಿಂದ ಬೇಗ ಬಿಸಿ ಮಾಡುವುದಿಲ್ಲ, ಹೆಚ್ಚು ಹೊತ್ತು ಉರಿಯುತ್ತದೆ, ಅಷ್ಟೇ. ಎದ್ದಿರುವಾಗ 20 ಸಾಕು, ಮೈಮೇಲೆ ಸ್ವೆಟರ್ ಇರಲಿ. ದಿನಕ್ಕೆ 8 ಗಂಟೆ 4–5 ಡಿಗ್ರಿ ಇಳಿಸಿಟ್ಟರೆ ವರ್ಷದ ಖರ್ಚಿನಲ್ಲಿ 10 ಶೇಕಡದವರೆಗೆ ಉಳಿಯಬಹುದು ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಆದರೆ ಊರಿಗೆ ಬರುವಾಗ ಪೂರ್ತಿ ಆರಿಸಬೇಡಿ, ಪೈಪಿನ ನೀರು ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ. ನನ್ನ ಮೊದಲ ವರ್ಷ ಹೊರಗಿನ ನಲ್ಲಿಗೆ ಹೋಸ್ ಸಿಕ್ಕಿಸಿದ್ದನ್ನು ಹಾಗೇ ಬಿಟ್ಟಿದ್ದೆ. ಕರಗುವ ಕಾಲಕ್ಕೆ ನೆಲಮಾಳಿಗೆ ತುಂಬ ನೀರು. ಹೋಸ್ ಬಿಚ್ಚಿ, ಒಳಗಿನ ವಾಲ್ವ್ ಮುಚ್ಚಿ, ನಲ್ಲಿಯಲ್ಲಿ ಉಳಿದ ನೀರು ಬಸಿಯಿರಿ.

ಬಿಸಿಗಾಳಿ ಬರುವ ಜಾಲರಿಯ ಮೇಲೆ ಸೋಫಾ ಇಡಬೇಡಿ. ಫರ್ನೇಸಿನ ಫಿಲ್ಟರ್ ತಿಂಗಳಿಗೊಮ್ಮೆ ನೋಡಿ, ಕೊಳೆಯಾಗಿದ್ದರೆ ಬದಲಿಸಿ. ಪಂದಿಕರಿ ಕುದಿಯುವಾಗ ಅಡುಗೆಮನೆಯ ಫ್ಯಾನ್ ಹಾಕಿ. ಇಲ್ಲದಿದ್ದರೆ ಆ ಹಬೆಯೆಲ್ಲ ತಣ್ಣನೆಯ ಗಾಜಿನ ಮೇಲೆ ಕೂತು, ಮಳೆಗಾಲದ ಕಕ್ಕಡ ತಿಂಗಳಲ್ಲಿ ಇಲ್ಲಿಯ ಗೋಡೆಗೆ ಹಿಡಿಯುವಂಥದೇ ಬೂಸಲು ಅಲ್ಲಿಯೂ ಹಿಡಿಯುತ್ತದೆ.

ಇನ್ನೊಂದನ್ನು ಗದರಿಸಿಯೇ ಹೇಳುತ್ತೇನೆ. ಮನೆಯೊಳಗೆ ಕೆಂಡ ಇಟ್ಟು ಕಾಯಿಸಿಕೊಳ್ಳುವ ಅಭ್ಯಾಸ ಇಲ್ಲೇ ಬಿಟ್ಟುಹೋಗಿ. ಸಂದಿಯೆಲ್ಲ ಮುಚ್ಚಿದ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ಮಲಗಿದವರು ಏಳುವುದಿಲ್ಲ. ಅದಕ್ಕೊಂದು ಅಲಾರಂ ಇರುತ್ತದೆ. ಮನೆಗೆ ಕಾಲಿಟ್ಟ ದಿನವೇ ಅದರ ಗುಂಡಿ ಒತ್ತಿ ನೋಡಿ. ಕೂಗದಿದ್ದರೆ ಮಾಲೀಕರಿಗೆ ಅಂದೇ ಫೋನ್ ಮಾಡಿ.