ಕಕ್ಕಡದ ಹಾಡು, ಪುತ್ತರಿಯ ಹಾಡು, ರಾಯಲ್ಟಿಯ ಲೆಕ್ಕ: ನನ್ನ ಅನುಭವ

ಕೊಡಗಿನಲ್ಲಿ ಹಾಡು ಮಾಡುವವನ ವರ್ಷ ಹಬ್ಬಗಳ ಮೇಲೆ ನಡೆಯುತ್ತದೆ. ಆಗಸ್ಟ್ 3ಕ್ಕೆ ಕಕ್ಕಡ ಪದಿನೆಟ್ಟ್, ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್, ಆಮೇಲೆ ಮಡಿಕೇರಿ ದಸರಾ, ಕಾವೇರಿ ಸಂಕ್ರಮಣ, ವರ್ಷದ ಕೊನೆಗೆ ಪುತ್ತರಿ. ಬೇಸಿಗೆಯಲ್ಲಿ ಕೊಡವ ಹಾಕಿ ಹಬ್ಬ. ನಮ್ಮ ಹಾಡು ಕೇಳಿಸುವುದು ಆ ಕೆಲವೇ ವಾರ. ಉಳಿದ ದಿನ ಯಾರೂ ಕೇಳುವುದಿಲ್ಲ. ಹಾಗಾಗಿ ರಾಯಲ್ಟಿ, ಅಂದರೆ ಹಾಡು ಬಳಸಿದ್ದಕ್ಕೆ ಬರುವ ಹಣ, ಅದರ ಲೆಕ್ಕವನ್ನೂ ನಾನು ಹಬ್ಬದ ಪ್ರಕಾರವೇ ಇಡುತ್ತೇನೆ. ಹಬ್ಬಕ್ಕೆ ಎರಡು ತಿಂಗಳು ಮುಂಚೆ ಹಾಡಿನ ನೋಂದಣಿ ಮುಗಿದಿರಬೇಕು. ಹಬ್ಬದ ವಾರ ಎಲ್ಲೆಲ್ಲಿ ಬಂತು ಅಂತ ಬರೆದಿಡಬೇಕು. ದುಡ್ಡು ಬರುವುದು ಎಷ್ಟೋ ತಿಂಗಳು ಕಳೆದ ಮೇಲೆ. ಅಷ್ಟು ಹೊತ್ತಿಗೆ ಯಾರು ಎಲ್ಲಿ ಹಾಕಿದ್ದರು ಅಂತ ಯಾರಿಗೂ ನೆನಪಿರುವುದಿಲ್ಲ.

ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮೂರರಲ್ಲೂ ನಾನು ರಾಗ ಹಾಕಿದ್ದೇನೆ. ಹೊಸ ಹುಡುಗರು ಸಿಕ್ಕಾಗಲೆಲ್ಲ ಕೇಳುವುದು ಒಂದೇ. "ಅಣ್ಣ, ಯೂಟ್ಯೂಬಲ್ಲಿ ಹಾಕಿದೀವಲ್ಲ, ದುಡ್ಡು ತಾನಾಗೇ ಬರುತ್ತೆ ಅಲ್ವಾ?" ಬರುತ್ತದೆ, ಆದರೆ ಬರುವುದು ಒಂದು ಭಾಗ ಮಾತ್ರ. ಇದು ಗೊತ್ತಿಲ್ಲದೆ ಎಷ್ಟೋ ಜನ ಇನ್ನೊಂದು ಭಾಗವನ್ನು ಬಿಟ್ಟುಕೊಟ್ಟು ಕೂತಿದ್ದಾರೆ.

ಒಂದು ಹಾಡಿನಲ್ಲಿ ಎರಡು ಆಸ್ತಿ ಇದೆ. ರಾಗ ಮತ್ತು ಸಾಹಿತ್ಯ ಒಂದು. ಅದನ್ನು ಸ್ಟುಡಿಯೋದಲ್ಲಿ ಹಾಡಿಸಿ ಮಾಡಿದ ರೆಕಾರ್ಡಿಂಗ್ ಇನ್ನೊಂದು. ಹಾಡನ್ನು ಸ್ಪಾಟಿಫೈಗೋ ಮತ್ತೊಂದಕ್ಕೋ ಹಾಕಿಕೊಡುವ ಡಿಸ್ಟ್ರಿಬ್ಯೂಟರ್ ನಮಗೆ ಕೊಡುವುದು ರೆಕಾರ್ಡಿಂಗಿನ ದುಡ್ಡು. ರಾಗಕ್ಕೆ, ಸಾಹಿತ್ಯಕ್ಕೆ ಸೇರಬೇಕಾದ್ದು ಬೇರೆ ದಾರಿಯಲ್ಲಿ ಬರುತ್ತದೆ. ನಮ್ಮ ದೇಶದಲ್ಲಿ ಅದನ್ನು ವಸೂಲು ಮಾಡುವುದು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್. 1969ರಲ್ಲಿ ಶುರುವಾದ ಸಂಸ್ಥೆ, ಕಚೇರಿ ಮುಂಬೈಯಲ್ಲಿ. 2012ರ ಕಾಪಿರೈಟ್ ತಿದ್ದುಪಡಿ ಆದಮೇಲೆ 2017ರಲ್ಲಿ ಮತ್ತೆ ಕಾಪಿರೈಟ್ ಸೊಸೈಟಿಯಾಗಿ, ಅಂದರೆ ಸದಸ್ಯರ ಪರವಾಗಿ ಲೈಸೆನ್ಸ್ ಕೊಟ್ಟು ಹಣ ಹಂಚುವ ಸಂಸ್ಥೆಯಾಗಿ, ಸರ್ಕಾರದ ನೋಂದಣಿ ಪಡೆಯಿತು. ನೀವೇ ಹಾಡುವವರಾದರೆ ಗಾಯಕರಿಗೆ, ವಾದ್ಯಗಾರರಿಗೆ ಇಸಾಮ್ರಾ ಅಂತ ಇನ್ನೊಂದು ಇದೆ. ನಾನು ಕೀಬೋರ್ಡ್ ಮುಂದೆ ಕೂತು ರಾಗ ಹಾಕುವವನು. ನನ್ನ ಮಾತು ಐಪಿಆರ್‌ಎಸ್‌ಗೆ ಸೀಮಿತ.

ಸದಸ್ಯನಾಗುವುದು ಕಷ್ಟವಲ್ಲ. ಪ್ಯಾನ್, ಆಧಾರ್, ರದ್ದು ಮಾಡಿದ ಚೆಕ್, ಬಿಡುಗಡೆಯಾದ ಹಾಡಿನ ವಿವರ, ಒಂದು ಒಪ್ಪಂದ ಪತ್ರ. ಆನ್‌ಲೈನ್‌ನಲ್ಲೇ ಆಗುತ್ತದೆ. ಮಳೆಗಾಲದಲ್ಲಿ ಮಾಡಬೇಡಿ ಅಷ್ಟೇ. ನಮ್ಮ ಕಡೆ ಕರೆಂಟ್ ಇದ್ದರೆ ನೆಟ್ ಇರುವುದಿಲ್ಲ, ನೆಟ್ ಇದ್ದರೆ ಕರೆಂಟ್ ಇರುವುದಿಲ್ಲ. ಆ ಒಪ್ಪಂದ ಪತ್ರವನ್ನು ಮಾತ್ರ ಕೂತು ಓದಿ. ಅದರಲ್ಲಿ ಪ್ರದರ್ಶನದ ಹಕ್ಕನ್ನು, ಅಂದರೆ ಹಾಡನ್ನು ಸಾರ್ವಜನಿಕವಾಗಿ ಕೇಳಿಸುವ ಹಕ್ಕನ್ನು, ನಾವು ಸೊಸೈಟಿಗೆ ವಹಿಸುತ್ತೇವೆ. ಆಮೇಲೆ ಯಾವುದೋ ರೆಸಾರ್ಟ್‌ನವರ ಹತ್ತಿರ ನಾವೇ ಹೋಗಿ "ನನ್ನ ಹಾಡು ಹಾಕ್ತೀರಿ, ಇಷ್ಟು ಕೊಡಿ" ಅಂತ ಕೇಳುವ ಹಾಗಿಲ್ಲ. ಲೈಸೆನ್ಸ್ ಕೊಡುವುದು ಅವರ ಕೆಲಸ.

ಸದಸ್ಯತ್ವ ಸಿಕ್ಕಿದ ತಕ್ಷಣ ಎಲ್ಲ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ನಿಜವಾದ ಕೆಲಸ ಅಲ್ಲಿಂದ ಶುರು. ಪ್ರತಿಯೊಂದು ಹಾಡನ್ನೂ ಬೇರೆ ಬೇರೆಯಾಗಿ ನೋಂದಾಯಿಸಬೇಕು. ಈ ನೋಂದಣಿಯಲ್ಲಿ ನಮ್ಮ ಭಾಷೆಯವರಿಗೆ ಒಂದು ವಿಶೇಷ ತಲೆನೋವಿದೆ. ಅದು ಸ್ಪೆಲ್ಲಿಂಗ್.

ಹಬ್ಬದ ಹೆಸರನ್ನೇ ತಗೊಳ್ಳಿ. ಕನ್ನಡದಲ್ಲಿ ಬರೆಯುವವರು ಹುತ್ತರಿ ಅಂತಾರೆ, ಕೊಡವರು ಪುತ್ತರಿ ಅಂತಾರೆ. ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ಒಬ್ಬರು ಎರಡು ಟಿ ಹಾಕುತ್ತಾರೆ, ಒಬ್ಬರು ಟಿ-ಎಚ್ ಹಾಕುತ್ತಾರೆ. ಕಕ್ಕಡಕ್ಕೆ ಒಬ್ಬರು ಎರಡು ಕೆ, ಇನ್ನೊಬ್ಬರು ಒಂದೇ ಕೆ. ಹಿಂದಿ ಹಾಡಿಗೆ ಈ ಸಮಸ್ಯೆ ಇದ್ದರೂ ಕೋಟಿಗಟ್ಟಲೆ ಜನ ಕೇಳುವ ಹಾಡು, ಯಾರಾದರೂ ಸರಿ ಮಾಡುತ್ತಾರೆ. ನಮ್ಮ ಹಾಡನ್ನು ಮುಂಬೈಯಲ್ಲಿ ಕೂತವರು ಗುರುತು ಹಿಡಿಯುವುದು ಹೇಗೆ? ಎಫ್‌ಎಂನವರು ಕಳಿಸಿದ ಪಟ್ಟಿಯಲ್ಲಿ ಒಂದು ಹೆಸರು, ನಾವು ನೋಂದಾಯಿಸಿದ್ದು ಇನ್ನೊಂದು ಹೆಸರು ಆದರೆ ಎರಡೂ ತಾಳೆಯಾಗುವುದಿಲ್ಲ. ದುಡ್ಡು ಯಾರದ್ದು ಅಂತ ಗೊತ್ತಾಗದೆ ಪಕ್ಕಕ್ಕೆ ಉಳಿಯುತ್ತದೆ. ಅದಕ್ಕೇ ನಾನು ಮುಖ್ಯ ಹೆಸರಿನ ಜೊತೆ ಪರ್ಯಾಯ ಹೆಸರಿನ ಜಾಗದಲ್ಲಿ ಎಲ್ಲ ಸ್ಪೆಲ್ಲಿಂಗೂ ತುಂಬುತ್ತೇನೆ. ಜನ ಹಾಡನ್ನು ಮೊದಲ ಸಾಲಿನಿಂದ ಕರೆಯುತ್ತಾರಲ್ಲ, ಆ ಮೊದಲ ಸಾಲನ್ನೂ ಹಾಕುತ್ತೇನೆ.

ನನ್ನ ರಿಜಿಸ್ಟರ್ ಪುಸ್ತಕದ ಒಂದು ಪುಟ ಹೇಗಿದೆ ಹೇಳುತ್ತೇನೆ. ಮೇಲೆ ಹಾಡಿನ ಹೆಸರು, ಅದರ ಕೆಳಗೆ ಬೇರೆ ಬೇರೆ ಸ್ಪೆಲ್ಲಿಂಗ್. ಆಮೇಲೆ ಮೂರು ನಂಬರ್. ಒಂದು ನನ್ನ ಐಪಿಐ ನಂಬರ್. ಅದು ಮನುಷ್ಯನ ಗುರುತು, ಎಲ್ಲ ಹಾಡಿಗೂ ಒಂದೇ. ಎರಡನೆಯದು ಐಎಸ್‌ಡಬ್ಲ್ಯೂಸಿ. ಅದು ರಾಗ-ಸಾಹಿತ್ಯದ ಗುರುತು, ಟಿ ಅಕ್ಷರದಿಂದ ಶುರುವಾಗುತ್ತದೆ. ಮೂರನೆಯದು ಐಎಸ್‌ಆರ್‌ಸಿ, ರೆಕಾರ್ಡಿಂಗಿನ ಗುರುತು, ಹನ್ನೆರಡು ಅಕ್ಷರ. ಡಿಸ್ಟ್ರಿಬ್ಯೂಟರ್ ಕೊಡುತ್ತಾರೆ. ಒಂದೇ ಹಾಡನ್ನು ಮತ್ತೆ ಹಾಡಿಸಿದರೆ ಐಎಸ್‌ಆರ್‌ಸಿ ಹೊಸದು, ಐಎಸ್‌ಡಬ್ಲ್ಯೂಸಿ ಹಳೆಯದೇ. ಆ್ಯಪ್‌ಗಳಿಂದ ಬರುವ ಲೆಕ್ಕದಲ್ಲಿ ಐಎಸ್‌ಆರ್‌ಸಿ ಇರುತ್ತದೆ. ಅದು ನಮ್ಮ ನೋಂದಣಿಗೆ ಅಂಟಿಕೊಂಡಿದ್ದರೆ ಸ್ಪೆಲ್ಲಿಂಗ್ ತಪ್ಪಿದ್ದರೂ ಹಾಡು ಸಿಕ್ಕಿಬೀಳುತ್ತದೆ. ಪುಟದ ಕೆಳಗೆ ಪಾಲು, ಸಾಹಿತಿಯ ಸಹಿ.

ಪಾಲಿನ ಬಗ್ಗೆ ನನ್ನ ಜೊತೆ ಅರೆಭಾಷೆ ಹಾಡು ಬರೆಯುವ ನಿವೃತ್ತ ಮೇಷ್ಟ್ರ ಹತ್ತಿರ ಕೂತು ಮಾತಾಡಿದ್ದು ನೆನಪಿದೆ.

"ನಂಗ್ಯಾಕಪ್ಪಾ ದುಡ್ಡು, ನೀನೇ ಇಟ್ಕೋ" ಅಂದರು.

"ಹಾಗಾಗಲ್ಲ ಮೇಷ್ಟ್ರೇ, ನಿಮ್ಮ ಪಾಲು ನಿಮ್ಮ ಖಾತೆಗೇ ಹೋಗುತ್ತೆ. ನೀವು ಸದಸ್ಯರಾಗದಿದ್ದರೆ ನಂಗೂ ಬರಲ್ಲ, ಅಲ್ಲೇ ಇರುತ್ತೆ" ಅಂದೆ.

"ಹಾಗಾದ್ರೆ ಪ್ಯಾನ್ ಕಾರ್ಡ್ ಹುಡುಕ್ತೀನಿ ಇರು" ಅಂದರು.

ಪ್ರಕಾಶಕರು ಯಾರೂ ಇಲ್ಲದಿದ್ದರೆ ರಾಗಕ್ಕೆ ಅರ್ಧ, ಸಾಹಿತ್ಯಕ್ಕೆ ಅರ್ಧ. ಆಡಿಯೋ ಕಂಪನಿ ಪ್ರಕಾಶಕರಾಗಿ ಸೇರಿದರೆ ಅವರಿಗೆ ಶೇ. 50, ನಮಗೆ ಶೇ. 25, ಸಾಹಿತಿಗೆ ಶೇ. 25. ಇಲ್ಲಿ ಒಂದು ಮಾತು. ಒಂದು ಆಡಿಯೋ ಕಂಪನಿ ಒಮ್ಮೆ ನನಗೆ ಒಂದು ಪುಟದ ಕರಾರು ಕಳಿಸಿತ್ತು. ಒಂದೇ ಸಲ ಹಣ, ಮುಂದೆ ಯಾವ ರಾಯಲ್ಟಿಯೂ ಇಲ್ಲ, ಸಹಿ ಹಾಕಿ ಅಂತ. 2012ರ ತಿದ್ದುಪಡಿ ಪ್ರಕಾರ ಸಂಗೀತ, ಸಾಹಿತ್ಯ ಮಾಡಿದವರ ರಾಯಲ್ಟಿಯ ಪಾಲನ್ನು ಹಾಗೆ ಬರೆಸಿಕೊಳ್ಳುವಂತಿಲ್ಲ. ಅದನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಬೇರೆ ಥರ ಬರೆದರೆ ಆ ಮಾತಿಗೆ ಬೆಲೆ ಇಲ್ಲ. ಸಿನಿಮಾ ಹಾಡಾದರೆ ಥಿಯೇಟರಿನಲ್ಲಿ ಸಿನಿಮಾ ಜೊತೆ ಓಡುವುದಕ್ಕೆ ಮಾತ್ರ ಈ ಪಾಲು ಇಲ್ಲ. ನಾನು ಆ ಸಾಲನ್ನು ಹೊಡೆದು ವಾಪಸ್ ಕಳಿಸಿದೆ. ಉತ್ತರ ಬರಲಿಲ್ಲ. ಹಾಡನ್ನು ನಾವೇ ಬಿಡುಗಡೆ ಮಾಡಿದೆವು.

ಹಳೇ ಮಟ್ಟುಗಳ ವಿಷಯವನ್ನೂ ಹೇಳಿಬಿಡುತ್ತೇನೆ. ದುಡಿಕೊಟ್ಟ್ ಪಾಟ್, ಪುತ್ತರಿ ಕೋಲಾಟದ ಹಾಡು, ವಾಲಗದ ಹೊಡೆತ, ಇವು ಯಾರ ಸ್ವಂತದ್ದೂ ಅಲ್ಲ. ಇದರ ಮೇಲೆ ಕೀಬೋರ್ಡ್ ಕೂರಿಸಿ "ಸಂಗೀತ: ನಾನು" ಅಂತ ನೋಂದಾಯಿಸುವವರನ್ನು ನೋಡಿದ್ದೇನೆ. ನನಗದು ಸರಿ ಕಾಣುವುದಿಲ್ಲ. ಮಟ್ಟು ಸಾಂಪ್ರದಾಯಿಕ, ವಾದ್ಯ ಜೋಡಣೆ ಮಾತ್ರ ನನ್ನದು ಅಂತಲೇ ನಾನು ಬರೆಯುವುದು. ಕಂಟೆಂಟ್ ಐಡಿ ಅಂದರೆ ಬೇರೆಯವರ ವಿಡಿಯೋದಲ್ಲಿ ನಮ್ಮ ಹಾಡನ್ನು ತಾನಾಗೇ ಗುರುತಿಸುವ ಯೂಟ್ಯೂಬಿನ ವ್ಯವಸ್ಥೆ. ಅದಕ್ಕೆ ಇಂಥ ಹಾಡು ಹಾಕುವುದಂತೂ ಅಪಾಯ. ಊರಿನ ಯಾರೋ ಮನೆಯ ಪುತ್ತರಿ ವಿಡಿಯೋ ಹಾಕಿದರೆ, ಅದರ ದುಡಿ ಸದ್ದಿಗೆ ನಿಮ್ಮ ಹೆಸರಲ್ಲಿ ಕ್ಲೇಮ್ ಹೋಗಿ ಕೂರುತ್ತದೆ. ಆಮೇಲೆ ಸಂತೆಯಲ್ಲಿ ಮುಖ ತೋರಿಸುವುದು ಹೇಗೆ?

ಎಲ್ಲಿ ದುಡ್ಡು ಬರುವುದಿಲ್ಲ ಅನ್ನುವುದೂ ಗೊತ್ತಿರಬೇಕು. ಕೊಡಗಿನ ಮದುವೆಯಲ್ಲಿ ರಾತ್ರಿಯಿಡೀ ನಿಮ್ಮ ಹಾಡಿಗೆ ಕುಣಿದರೂ ಒಂದು ಪೈಸೆ ಇಲ್ಲ. ಮದುವೆ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಸಂಭ್ರಮ, ಧಾರ್ಮಿಕ ಕಾರ್ಯಕ್ರಮ, ಇವಕ್ಕೆ ಕಾಪಿರೈಟ್ ಕಾಯ್ದೆಯ 52ನೇ ಕಲಂನಲ್ಲಿ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ಇದನ್ನು ಮತ್ತೊಮ್ಮೆ ಸ್ಪಷ್ಟ ಮಾಡಿತು. ಅದು ಇರಲಿ ಬಿಡಿ, ಮದುವೆಯಲ್ಲಿ ಕುಣಿದರೇ ಹಾಡು ಊರಿಗೆ ಹಬ್ಬುವುದು.

ಮಡಿಕೇರಿ ದಸರಾದ ದಶಮಂಟಪಗಳಿಗೂ ಇದೇ ಲೆಕ್ಕ. ಹತ್ತು ದೇವಸ್ಥಾನದ ಮಂಟಪಗಳು, ವಿಜಯದಶಮಿ ರಾತ್ರಿಯಿಡೀ ಕಥೆ, ಲೈಟು, ಸೌಂಡು. ಒಂದೊಂದು ಕಥೆಗೂ ಹೊಸ ಸಂಗೀತ ಬೇಕು. ಅಲ್ಲಿ ರಾಯಲ್ಟಿಗೆ ಕಾಯದೆ ಕೂಲಿಯನ್ನು ಮೊದಲೇ ಮಾತಾಡಿಕೊಳ್ಳಬೇಕು. ಆದರೆ ಸಮಿತಿಗೆ ಒಂದು ಪತ್ರ ಕೊಡುವುದನ್ನು ನಾನು ಬಿಡುವುದಿಲ್ಲ. "ಈ ವರ್ಷದ ಮೆರವಣಿಗೆಗೆ ಮಾತ್ರ, ರಾಗದ ಹಕ್ಕು ಸಂಗೀತ ನಿರ್ದೇಶಕರದ್ದು." ಇಷ್ಟೇ, ಎರಡು ಸಾಲು. ಹಕ್ಕು ಬರೆದುಕೊಡುವಾಗ ಅವಧಿ ಹಾಕದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ, ಜಾಗ ಹಾಕದಿದ್ದರೆ ಇಡೀ ಭಾರತ ಅಂತ. ಮಂಟಪಕ್ಕೆ ಮಾಡಿದ ಒಂದು ಸಂಗೀತವನ್ನು ನಾನು ಮುಂದೆ ಸಾಹಿತ್ಯ ಸೇರಿಸಿ ಹಾಡು ಮಾಡಿದ್ದೇನೆ. ಆ ಪತ್ರ ಇದ್ದದ್ದರಿಂದ ಯಾರೂ ಮಾತೆತ್ತಲಿಲ್ಲ.

ರೆಸಾರ್ಟ್, ಹೋಟೆಲ್‌ಗಳದ್ದು ಇನ್ನೊಂದು ಕಥೆ. ಅವರು ಲೈಸೆನ್ಸ್ ಹಣ ಕಟ್ಟುತ್ತಾರೆ, ಆದರೆ ಯಾವ ಹಾಡು ಎಷ್ಟು ಸಲ ಹಾಕಿದೆವು ಅಂತ ಬರೆದಿಡುವುದಿಲ್ಲ. ಆ ಹಣವನ್ನು ಸೊಸೈಟಿಯವರು ಬೇರೆ ಕಡೆ ಸಿಕ್ಕಿದ ಲೆಕ್ಕದ ಆಧಾರದಲ್ಲಿ ಹಂಚುತ್ತಾರೆ. ಅಂದರೆ ಕುಶಾಲನಗರದ ಹೋಟೆಲಿನಲ್ಲಿ ನಿಮ್ಮ ಹಾಡು ದಿನಾ ಕೇಳಿಸಿದರೂ ಆ ರೂಪಾಯಿ ದೊಡ್ಡ ಸಿನಿಮಾ ಹಾಡಿನ ಕಡೆಗೇ ಹೆಚ್ಚು ಹೋಗುತ್ತದೆ. ಚಿಕ್ಕ ಭಾಷೆಯವರಿಗೆ ಇದು ನಷ್ಟದ ಪದ್ಧತಿ ಅಂತಲೇ ನನ್ನ ಅಭಿಪ್ರಾಯ. ಟಿಕೆಟ್ ಇಟ್ಟು ಮಾಡುವ ಸಂಗೀತ ಸಂಜೆ ಹಾಗಲ್ಲ. ಅಲ್ಲಿ ಹಾಡಿದ ಹಾಡುಗಳ ಪಟ್ಟಿ ಕೊಡಬಹುದು. ಕಾರ್ಯಕ್ರಮ ಮುಗಿದು ವಯರ್ ಸುತ್ತುವ ಮೊದಲೇ ಆ ಪಟ್ಟಿಗೆ ಆಯೋಜಕರ ಸಹಿ ಹಾಕಿಸುತ್ತೇನೆ. ಮರುದಿನ ಅವರು ಫೋನ್ ಎತ್ತುವುದಿಲ್ಲ.

ರೇಡಿಯೋದಲ್ಲಿ ಬಂದಾಗ ನಾನು ಬರೆದುಕೊಳ್ಳುವುದು ಮೂರೇ: ತಾರೀಕು, ಹೊತ್ತು, ಕಾರ್ಯಕ್ರಮದ ಹೆಸರು. ಮಡಿಕೇರಿ ಆಕಾಶವಾಣಿ 103.1ರಲ್ಲಿ ಬಂದರೆ ತೋಟದಲ್ಲಿ ಕೆಲಸ ಮಾಡುವವರೇ ಹೇಳುತ್ತಾರೆ. ಸ್ಟುಡಿಯೋಗೆ ಕರೆಸಿ ಹಾಡಿಸಿದ್ದಕ್ಕೆ ಆಕಾಶವಾಣಿ ಕೊಡುವ ಸಂಭಾವನೆ ಬೇರೆ, ರಾಗದ ರಾಯಲ್ಟಿ ಬೇರೆ. ಇವೆರಡನ್ನು ಒಂದೇ ಅಂತ ತಿಳಿಯಬೇಡಿ. ಖಾಸಗಿ ಎಫ್‌ಎಂನವರು ರೆಕಾರ್ಡಿಂಗಿಗೆ ಕೊಟ್ಟಿದ್ದೇವೆ, ರಾಗ-ಸಾಹಿತ್ಯಕ್ಕೆ ಬೇರೆ ಕೊಡುವುದಿಲ್ಲ ಅಂತ ವಾದ ಮಾಡುತ್ತಿದ್ದರು. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಒಪ್ಪದೆ ಐಪಿಆರ್‌ಎಸ್ ಪರವಾಗಿ ಆದೇಶ ಕೊಟ್ಟಿತು.

ಸೊಸೈಟಿಯಿಂದ ಸ್ಟೇಟ್‌ಮೆಂಟ್ ಬಂದ ದಿನ ಮೊತ್ತ ನೋಡಿ ಫೋನ್ ಕೆಳಗಿಡಬೇಡಿ. ಹಾಡಿನ ಪ್ರಕಾರ ನೋಡಿ. ಎಷ್ಟೋ ಸಾಲುಗಳು ಪೈಸೆಯಲ್ಲಿರುತ್ತವೆ. ನಾನು ಹುಡುಕುವುದು ಇಲ್ಲದ ಸಾಲನ್ನು. ಕಕ್ಕಡದ ವಾರ ಯೂಟ್ಯೂಬಿನಲ್ಲಿ ಜೋರಾಗಿ ಓಡಿದ ಹಾಡು ಆ ಅವಧಿಯ ಪಟ್ಟಿಯಲ್ಲೇ ಇಲ್ಲ ಅಂದರೆ ಎಲ್ಲೋ ತಾಳೆ ತಪ್ಪಿದೆ ಅಂತ ಅರ್ಥ. ಆಗ ಹಾಡಿನ ಕೊಂಡಿ, ಐಎಸ್‌ಆರ್‌ಸಿ, ನೋಂದಣಿ ನಂಬರ್, ನನ್ನ ಪುಸ್ತಕದ ತಾರೀಕು ಎಲ್ಲ ಸೇರಿಸಿ ಒಂದೇ ಮೇಲ್ ಕಳಿಸುತ್ತೇನೆ. "ನನ್ನ ದುಡ್ಡು ಬಂದಿಲ್ಲ" ಅಂತ ಮೇಲ್ ಬರೆದರೆ ಏನೂ ಆಗುವುದಿಲ್ಲ. ಇಂಥ ಹಾಡು, ಇಂಥ ತಿಂಗಳು, ಇಂಥ ಜಾಗ ಅಂತ ಬರೆದರೆ ಕೆಲಸ ಆಗುತ್ತದೆ. ನಮ್ಮವರು ದುಬೈಯಲ್ಲೋ ಅಮೆರಿಕದಲ್ಲೋ ಕೇಳಿದ್ದಕ್ಕೂ ಬೇರೆ ದೇಶದ ಸೊಸೈಟಿಗಳ ಮೂಲಕ ಬರುವ ದಾರಿ ಇದೆ, ತಡವಾಗುತ್ತದೆ ಅಷ್ಟೇ.

ಬಂದ ಹಣದಲ್ಲಿ ಶೇ. 10 ಟಿಡಿಎಸ್ ಹಿಡಿದಿದ್ದರೆ ಅದು ಆದಾಯ ತೆರಿಗೆ ವೆಬ್‌ಸೈಟಿನ ನಿಮ್ಮ ಖಾತೆಯಲ್ಲಿ ಕಾಣುತ್ತದೆ. ನಿಮ್ಮ ಒಟ್ಟು ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಿರಿ. ಕಾಫಿ ತೋಟದ ಲೆಕ್ಕ ನೋಡುವ ಆಡಿಟರ್‌ಗೆ ಈ ರಾಯಲ್ಟಿಯ ಬಗ್ಗೆ ಬಿಡಿಸಿ ಹೇಳಿ. ಇಲ್ಲದಿದ್ದರೆ ಅವರು ಅದನ್ನೂ ಮೆಣಸು ಮಾರಿದ ಹಣದ ಜೊತೆ ಸೇರಿಸಿಬಿಡುತ್ತಾರೆ.

ನಾಮಿನಿ ಹೆಸರು ಖಾಲಿ ಬಿಡಬೇಡಿ. ರಾಗದ ಮೇಲಿನ ಹಕ್ಕು ನಾವು ಸತ್ತ ಮೇಲೂ 60 ವರ್ಷ ಇರುತ್ತದೆ. ನಾನು ಹೆಂಡತಿಯ ಹೆಸರು ಹಾಕಿದ್ದೇನೆ. ಲಾಗಿನ್, ಪಾಸ್‌ವರ್ಡ್ ರಿಜಿಸ್ಟರಿನ ಕೊನೇ ಪುಟದಲ್ಲಿ ಬರೆದಿಟ್ಟಿದ್ದೇನೆ. ಮೇಷ್ಟ್ರ ನಾಮಿನಿ ಫಾರ್ಮ್ ಇನ್ನೂ ಬಾಕಿ ಇದೆ. ಮುಂದಿನ ವಾರ ಸೋಮವಾರಪೇಟೆಗೆ ಹೋದಾಗ ಸಹಿ ಮಾಡಿಸಿಕೊಂಡು ಬರಬೇಕು.