ಆಸ್ಟ್ರೇಲಿಯಾದ ಮನೆಗೆ ಬಿಸಿನೀರು: ಬೆಂಗಳೂರಿನ ತಾರಸಿ ಲೆಕ್ಕ ಅಲ್ಲಿ ಎಲ್ಲಿ ತಪ್ಪುತ್ತದೆ

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ಸೋಲಾರ್ ಬಿಸಿನೀರು ಹೊಸದಲ್ಲ. ಜಯನಗರವಾಗಲಿ ಯಲಹಂಕವಾಗಲಿ, ತಾರಸಿ ಹತ್ತಿದರೆ ಸಿಂಟೆಕ್ಸ್ ಟ್ಯಾಂಕಿನ ಪಕ್ಕದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಗಾಜಿನ ಕೊಳವೆಗಳ ಸಾಲು ಕಾಣುತ್ತದೆ. 200 ಲೀಟರಿನದೊಂದು ಹಾಕಿಸಿ, ಮೋಡ ಮುಸುಕುವ ಜುಲೈಗೆಂದು ಬಚ್ಚಲಲ್ಲಿ ಒಂದು ಗೀಸರ್ ಇಟ್ಟುಕೊಂಡರೆ ಮುಗಿಯಿತು. ಬ್ರಿಸ್ಬೇನಿಗೋ ಪರ್ತ್‌ಗೋ ಹೋಗಿ ಮನೆ ಕೊಂಡವರು ಇದೇ ಲೆಕ್ಕ ಹಿಡಿದು, ‘ಇಲ್ಲಿ ಬಿಸಿಲಿಗೇನು ಕಮ್ಮಿ, ಸೋಲಾರೇ ಹಾಕಿಸೋಣ’ ಎಂದು ಹೊರಡುತ್ತಾರೆ. ಬಿಸಿಲಿನ ಮಾತು ನಿಜ. ಆದರೆ ಆ ಬಿಸಿಲನ್ನು ನೀರಿಗೆ ಇಳಿಸುವ ದಾರಿ ಅಲ್ಲಿ ಬೇರೆ.

ಮೊದಲು ದಿಕ್ಕು. ಬೆಂಗಳೂರು ಭೂಮಧ್ಯರೇಖೆಯ ಉತ್ತರಕ್ಕಿದೆ, ಆದ್ದರಿಂದ ಬಿಸಿಲು ಹಿಡಿದು ನೀರು ಕಾಯಿಸುವ ಕಲೆಕ್ಟರ್ ದಕ್ಷಿಣಕ್ಕೆ. ಆಸ್ಟ್ರೇಲಿಯಾದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ, ಹಾಗಾಗಿ ಪ್ಯಾನೆಲ್ ಆಗಲಿ ಕಲೆಕ್ಟರ್ ಆಗಲಿ ಉತ್ತರಕ್ಕೆ ತಿರುಗಿರಬೇಕು. ಹಳೆ ಮನೆ ಕೊಳ್ಳುವಾಗ ‘ಸೋಲಾರ್ ಇದೆ’ ಎಂದು ಹೇಳಿದರೆ ಫೋನಿನ ದಿಕ್ಸೂಚಿ ತೆರೆದು ನೋಡಿ. ದಕ್ಷಿಣದ ಇಳಿಜಾರಿನ ಮೇಲೆ ಕೂತಿದ್ದರೆ ಚಳಿಗಾಲದಲ್ಲಿ ಅದು ಹೆಚ್ಚು ಕೆಲಸ ಮಾಡುವುದಿಲ್ಲ. ಅಲ್ಲಿ ಚಳಿಗಾಲ ಎಂದರೆ ಜೂನ್‌ನಿಂದ ಆಗಸ್ಟ್.

ಎರಡನೆಯದು ಒತ್ತಡ. ನಮ್ಮ ತಾರಸಿ ಟ್ಯಾಂಕು ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 30 ಕಿಲೋಪ್ಯಾಸ್ಕಲ್. ಅಲ್ಲಿ ಬೀದಿಯ ಪೈಪಿನ ನೀರು ನೇರವಾಗಿ ಬಿಸಿನೀರಿನ ಟ್ಯಾಂಕಿಗೆ ನುಗ್ಗುತ್ತದೆ. ವಾಲ್ವ್ ಹಾಕಿ ತಗ್ಗಿಸಿದ ಮೇಲೂ ಅದು 500 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲಿರುತ್ತದೆ. ‘ಊರಿಂದ ಅಗ್ಗಕ್ಕೆ ಒಂದು ಸೆಟ್ ತರಿಸಿದರೆ?’ ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಿತು. ನಮ್ಮ ಮಾಮೂಲಿ ಕೊಳವೆ ಸೋಲಾರ್ ಆ ಒತ್ತಡ ತಡೆಯುವುದಿಲ್ಲ, ಜೊತೆಗೆ ಅಲ್ಲಿನ ಮಾನ್ಯತೆಯ ಗುರುತಿಲ್ಲದ ಸಾಮಾನನ್ನು ಪ್ಲಂಬರ್ ಮುಟ್ಟುವುದೂ ಇಲ್ಲ.

ಮೂರನೆಯದು ಭಾರ. ನೀರು ತುಂಬಿದ 300 ಲೀಟರಿನ ಟ್ಯಾಂಕು, ಕಲೆಕ್ಟರ್, ಸ್ಟ್ಯಾಂಡ್ ಎಲ್ಲ ಸೇರಿದರೆ 400 ಕಿಲೋ ದಾಟುತ್ತದೆ. ನಮ್ಮ ಆರ್‌ಸಿಸಿ ತಾರಸಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಲಿನ ಮನೆಗಳದ್ದು ಮರದ ಚೌಕಟ್ಟಿನ ಮೇಲಿನ ಹೆಂಚು ಇಲ್ಲವೇ ತಗಡು. ಟ್ಯಾಂಕು ಮೇಲೆ ಕೂರಿಸುವ ಮೊದಲು ಒಳಗಿನ ಮರಕ್ಕೆ ಬಲ ಕೊಡಬೇಕಾಗಬಹುದು. ಆ ಖರ್ಚು ಕೊಟೇಶನ್ನಿನಲ್ಲಿ ಕಾಣದಿದ್ದರೆ ಕೇಳಿ.

ಹೀಟ್ ಪಂಪು ಯಾಕೆ

ಇಷ್ಟೆಲ್ಲ ಇರುವುದರಿಂದಲೇ ಅಲ್ಲಿ ಈಗ ಬಿಸಿನೀರೆಂದರೆ ಬಹಳ ಮಂದಿ ಹೀಟ್ ಪಂಪಿನ ಕಡೆ ವಾಲುತ್ತಾರೆ. ಫ್ರಿಜ್ಜನ್ನು ತಿರುವುಮುರುವು ಮಾಡಿದಂತೆ ಇದರ ಕೆಲಸ: ಹೊರಗಿನ ಗಾಳಿಯ ಶಾಖವನ್ನು ಎಳೆದು ಟ್ಯಾಂಕಿನ ನೀರಿಗೆ ತುಂಬುತ್ತದೆ. ಒಂದು ಯೂನಿಟ್ ಕರೆಂಟ್ ಕೊಟ್ಟರೆ ಮೂರರಿಂದ ನಾಲ್ಕು ಯೂನಿಟ್‌ನಷ್ಟು ಶಾಖ ನೀರಿಗೆ ಸೇರುತ್ತದೆ. ಮಾಮೂಲಿ ಎಲೆಕ್ಟ್ರಿಕ್ ಟ್ಯಾಂಕಿನ ಕಾಯಿಲ್ 3.6 ಕಿಲೋವ್ಯಾಟ್ ಎಳೆದರೆ, ಇದು ಎಳೆಯುವುದು ಹೆಚ್ಚೆಂದರೆ 1 ಕಿಲೋವ್ಯಾಟ್ ಆಸುಪಾಸು. ಮನೆಯ ಮೇಲೆ ಕರೆಂಟಿನ ಸೋಲಾರ್ ಪ್ಯಾನೆಲ್ ಇದ್ದರಂತೂ ಮಧ್ಯಾಹ್ನದ ಕರೆಂಟನ್ನು ಗ್ರಿಡ್ಡಿಗೆ ಚಿಲ್ಲರೆ ಕಾಸಿಗೆ ಮಾರುವ ಬದಲು ಬಿಸಿನೀರಾಗಿ ಕೂಡಿಟ್ಟುಕೊಳ್ಳಬಹುದು. ಪ್ಯಾನೆಲ್ ಇಲ್ಲ, ಹಾಕಿಸುವ ಯೋಚನೆಯೂ ಇಲ್ಲ, ಉತ್ತರಕ್ಕೆ ಒಳ್ಳೆಯ ಛಾವಣಿ ಇದೆ, ಚಳಿಗೆ ನೀರು ಹೆಪ್ಪುಗಟ್ಟದ ಊರು ಎಂದಾದರೆ ಹಳೆಯ ಮಾದರಿಯ ಸೋಲಾರ್ ಇಂದಿಗೂ ಒಳ್ಳೆಯದೇ. ಕರೆಂಟಿನ ಪ್ಯಾನೆಲ್, ನೀರಿನ ಕಲೆಕ್ಟರ್ ಎರಡನ್ನೂ ಛಾವಣಿಗೆ ಏರಿಸಿ ಜಾಗ ಹಾಳು ಮಾಡಬೇಡಿ.

ಬಕೆಟ್ ಲೆಕ್ಕ, ಷವರ್ ಲೆಕ್ಕ

ನಮ್ಮವರು ಹೆಚ್ಚು ತಪ್ಪುವುದು ಟ್ಯಾಂಕಿನ ಅಳತೆಯಲ್ಲಿ. ಬಕೆಟ್ ಸ್ನಾನಕ್ಕೆ ಬೇಕಾದದ್ದು 20 ಲೀಟರ್ ಹದವಾದ ನೀರು. ಟ್ಯಾಂಕು 60 ಡಿಗ್ರಿ, ತಣ್ಣೀರು 18 ಡಿಗ್ರಿ, ಮೈಗೆ ಬೇಕಾದದ್ದು 40 ಡಿಗ್ರಿ ಎಂದುಕೊಂಡರೆ ಅದರಲ್ಲಿ ಟ್ಯಾಂಕಿನಿಂದ ಬರುವುದು ಸುಮಾರು 10 ಲೀಟರ್. ಷವರ್ ನಿಮಿಷಕ್ಕೆ 9 ಲೀಟರ್ ಸುರಿಯುತ್ತದೆ ಎಂದಿಟ್ಟುಕೊಳ್ಳಿ. 8 ನಿಮಿಷ ನಿಂತರೆ 72 ಲೀಟರ್, ಟ್ಯಾಂಕಿನಿಂದ 38 ಲೀಟರ್ ಖಾಲಿ. ನಾಲ್ವರಿದ್ದ ಮನೆಗೆ 150 ಲೀಟರ್. ಹಳೆಯ ಷವರ್ ಹೆಡ್ ನಿಮಿಷಕ್ಕೆ 15 ಲೀಟರ್ ಸುರಿಯುವಂಥದ್ದಾದರೆ ಲೆಕ್ಕವೇ ಕೈತಪ್ಪುತ್ತದೆ. ಟ್ಯಾಂಕಿಗೆ ದುಡ್ಡು ಸುರಿಯುವ ಮೊದಲು ಆ ಹೆಡ್ ಬದಲಿಸಿ.

ಆ 150 ಲೀಟರನ್ನು 18ರಿಂದ 60ಕ್ಕೆ ಏರಿಸಲು 7 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಶಾಖ ಬೇಕು. ಟ್ಯಾಂಕಿನಿಂದ ಸೋರಿಹೋಗುವ ಶಾಖ ಸೇರಿಸಿ 9 ಎನ್ನಿ. ಯೂನಿಟ್‌ಗೆ 30 ಸೆಂಟ್ ದರದಲ್ಲಿ ಮಾಮೂಲಿ ಕಾಯಿಲಿಗೆ ವರ್ಷಕ್ಕೆ ಹತ್ತಿರ ಹತ್ತಿರ 1000 ಡಾಲರ್. ಹೀಟ್ ಪಂಪಿಗೆ ಅದೇ ದರದಲ್ಲಿ 300ರೊಳಗೆ. ಕರೆಂಟು ನಿಮ್ಮದೇ ಪ್ಯಾನೆಲ್ಲಿನದಾದರೆ ಇನ್ನೂ ಕಡಿಮೆ.

ಬೆಂಗಳೂರಿನಿಂದ ಅಪ್ಪ ಅಮ್ಮ ಬಂದು ಮೂರು ತಿಂಗಳು ಇರುವುದನ್ನು ಅಳತೆಗೆ ಸೇರಿಸಿ. ನಾಲ್ವರಿಗೆ ಸಾಕೆಂದು 170 ಲೀಟರಿನದು ತಂದು, ಆರು ಜನರಾದಾಗ ಕೊನೆಯವರು ತಣ್ಣೀರಲ್ಲಿ ನಡುಗುವುದು ಮಾಮೂಲಿ ದೂರು. ನಮ್ಮ ಸಲಹೆ 270 ಲೀಟರ್ ಆಸುಪಾಸು. ಕಾಯಿಲ್‌ನಂತೆ ಹೀಟ್ ಪಂಪು ಚಕ್ಕನೆ ಕಾಯಿಸುವುದಿಲ್ಲ. ತಣ್ಣಗಾದ ತುಂಬು ಟ್ಯಾಂಕಿಗೆ ನಾಲ್ಕರಿಂದ ಆರು ಗಂಟೆ ಬೇಕು.

ಟೈಮರ್ ಮತ್ತು ರಾತ್ರಿ ದರ

ಹಳೆಯ ಎಲೆಕ್ಟ್ರಿಕ್ ಟ್ಯಾಂಕುಗಳು ಬಹುಪಾಲು ‘ಕಂಟ್ರೋಲ್ಡ್ ಲೋಡ್’ ಎಂಬ ಬೇರೆ ತಂತಿಯ ಮೇಲಿರುತ್ತವೆ. ದರ ಅಗ್ಗ, ಆದರೆ ಕರೆಂಟ್ ಯಾವಾಗ ಬರಬೇಕೆಂದು ತೀರ್ಮಾನಿಸುವುದು ವಿತರಣಾ ಕಂಪನಿ. ಕ್ವೀನ್ಸ್‌ಲ್ಯಾಂಡಿನಲ್ಲಿ ‘ಟ್ಯಾರಿಫ್ 31’ ಎಂಬ ರಾತ್ರಿ ದರದಲ್ಲಿ ದಿನಕ್ಕೆ ಕನಿಷ್ಠ 8 ಗಂಟೆ ಕರೆಂಟ್ ಸಿಗುತ್ತದೆ, ‘ಟ್ಯಾರಿಫ್ 33’ರಲ್ಲಿ ಕನಿಷ್ಠ 18 ಗಂಟೆ. ಹೀಟ್ ಪಂಪನ್ನು ಕಣ್ಣುಮುಚ್ಚಿ 31ರ ತಂತಿಗೆ ಸಿಕ್ಕಿಸಿದರೆ ಎರಡು ತೊಂದರೆ: ರಾತ್ರಿಯ ತಣ್ಣನೆ ಗಾಳಿಯಿಂದ ಶಾಖ ಎಳೆಯಲು ಯಂತ್ರ ಹೆಚ್ಚು ಒದ್ದಾಡುತ್ತದೆ, ಕರೆಂಟ್ ಹೋಗಿಬರುವಾಗ ಕೆಲವು ಮಾದರಿಗಳ ಗಡಿಯಾರವೂ ಕೆಡುತ್ತದೆ. ಪ್ಯಾನೆಲ್ ಇದ್ದವರು ಎಲೆಕ್ಟ್ರಿಷಿಯನ್‌ಗೆ ಹೇಳಿ ಮಾಮೂಲಿ ತಂತಿಗೆ ಬದಲಿಸಿಕೊಂಡು, ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಟೈಮರ್ ಇಡುವುದು ವಾಸಿ.

ಈ ಟೈಮರ್ ನಮ್ಮವರಿಗೆ ಕೈಕೊಡುವುದು ವರ್ಷಕ್ಕೆ ಒಂದು ದಿನ. ದೀಪಾವಳಿಗೆ ನೀರು ತುಂಬುವ ಹಬ್ಬ ಮಾಡಿ ಮಲಗಿ, ನರಕ ಚತುರ್ದಶಿಯ ಬೆಳಗಿನ ಜಾವ ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು ಸಾಲಾಗಿ ನಿಲ್ಲುತ್ತಾರೆ. ಸೀಗೆಕಾಯಿ ಹಚ್ಚಿ ತಲೆ ತೊಳೆಯಲು 8 ನಿಮಿಷ ಎಲ್ಲಿ ಸಾಕು? ಐದು ಗಂಟೆಗೆ ಟ್ಯಾಂಕು ಖಾಲಿ, ಮತ್ತೆ ಕಾಯಲು ಶುರುವಾಗುವುದು ಹತ್ತಕ್ಕೆ. ಹಿಂದಿನ ರಾತ್ರಿ ಸಂಜೆಯ ಬಳಕೆ ಮುಗಿದ ಮೇಲೆ ಟೈಮರ್‌ಗೆ ಕಾಯದೆ ಕೂಡಲೇ ನೀರು ಕಾಯಿಸುವ ಬೂಸ್ಟ್ ಗುಂಡಿ ಒತ್ತಿ ಮಲಗಿ.

ಖರ್ಚು ಉಳಿಸಲೆಂದು ಟ್ಯಾಂಕನ್ನು 50 ಡಿಗ್ರಿಗೆ ಇಳಿಸಬೇಡಿ. ಬೆಚ್ಚಗಿನ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದಕ್ಕೇ ಅಲ್ಲಿನ ನಿಯಮ 60 ಡಿಗ್ರಿ. ಬಚ್ಚಲಿಗೆ ಬರುವ ನೀರು ಮಾತ್ರ 50 ಡಿಗ್ರಿ ದಾಟಬಾರದು. ನಡುವೆ ಟೆಂಪರಿಂಗ್ ವಾಲ್ವ್ ಕೂತು ತಣ್ಣೀರು ಬೆರೆಸುತ್ತದೆ. ಛಾವಣಿ ಸೋಲಾರಿಗೆ ಹೆಚ್ಚು ಶಾಖ ತಾಳುವ ಬೇರೆ ಜಾತಿಯ ವಾಲ್ವ್ ಬೇಕು, ಮಾಮೂಲಿಯದು ಬೇಸಿಗೆಯಲ್ಲಿ ಹಾಳಾಗುತ್ತದೆ.

ಸಬ್ಸಿಡಿ ಮತ್ತು ಕೊಟೇಶನ್

ಬೆಸ್ಕಾಂ ರಿಯಾಯಿತಿ ತಿಂಗಳ ಬಿಲ್ಲಿನಲ್ಲಿ ಕಳೆದು ಬರುತ್ತದೆ. ಅಲ್ಲಿನದು ಒಂದೇ ಸಲ, ಕೊಳ್ಳುವಾಗಲೇ. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಎಸ್‌ಟಿಸಿ ಎಂಬ, ಮಾರಿ ಹಣ ಮಾಡಿಕೊಳ್ಳಬಹುದಾದ ಸರ್ಟಿಫಿಕೇಟುಗಳು ಸಿಗುತ್ತವೆ. ಸೋಲಾರ್ ವಾಟರ್ ಹೀಟರ್, ಹೀಟ್ ಪಂಪು ಎರಡಕ್ಕೂ ಉಂಟು. ಎಷ್ಟು ಸಿಗುತ್ತದೆ ಎಂಬುದು ಮಾದರಿ, ನೀವಿರುವ ವಲಯ, ಹಾಕಿಸಿದ ವರ್ಷದ ಮೇಲೆ ನಿಂತಿದೆ. ಯೋಜನೆ 2030ಕ್ಕೆ ಮುಗಿಯುವುದರಿಂದ ಪ್ರತಿ ಜನವರಿಗೆ ಸಂಖ್ಯೆ ಇಳಿಯುತ್ತದೆ. ಡಿಸೆಂಬರಿನಲ್ಲಿ ಆಗುವ ಕೆಲಸವನ್ನು ಹೊಸ ವರ್ಷಕ್ಕೆ ದೂಡಬೇಡಿ. ಒಂದು ಸರ್ಟಿಫಿಕೇಟಿನ ಬೆಲೆ 40 ಡಾಲರಿನ ಒಳಗೆ ಏರಿಳಿಯುತ್ತದೆ. ಬಹುತೇಕರು ಅದನ್ನು ಅಂಗಡಿಯವರ ಏಜೆಂಟಿಗೆ ಬರೆದುಕೊಟ್ಟು ಬೆಲೆಯಲ್ಲೇ ಕಡಿತ ಪಡೆಯುತ್ತಾರೆ. ಕೊಟೇಶನ್ನಿನಲ್ಲಿ ನೋಡಬೇಕಾದದ್ದು ಒಂದೇ ಸಾಲು: ಈ ಬೆಲೆ ಎಸ್‌ಟಿಸಿ ಕಳೆದದ್ದೋ, ಕಳೆಯುವ ಮೊದಲಿನದೋ. ಮಾದರಿಯ ಹೆಸರು ಈ ಯೋಜನೆ ನಡೆಸುವ ಸರ್ಕಾರಿ ಸಂಸ್ಥೆ ಕ್ಲೀನ್ ಎನರ್ಜಿ ರೆಗ್ಯುಲೇಟರ್‌ನ ಪಟ್ಟಿಯಲ್ಲಿ ಇರಲೇಬೇಕು.

ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್‌ನಂಥ ರಾಜ್ಯಗಳು ಇದರ ಮೇಲೆ ತಮ್ಮದನ್ನೂ ಸೇರಿಸುತ್ತವೆ. ಅದರ ಹೆಸರಲ್ಲೇ ‘ಬಿಟ್ಟಿ ಹೀಟ್ ಪಂಪು’ ಮಾರುವವರೂ ಹುಟ್ಟಿಕೊಂಡರು. ವಿಕ್ಟೋರಿಯಾ 2024ರಲ್ಲಿ ತನ್ನ ಯೋಜನೆಯಡಿ ಫೋನ್ ಮಾರಾಟವನ್ನೂ ಮನೆಬಾಗಿಲ ಮಾರಾಟವನ್ನೂ ನಿಷೇಧಿಸಿತು. ಇಂಥವರು ತರುವುದು ಸಾಮಾನ್ಯವಾಗಿ ಚಿಕ್ಕ ಟ್ಯಾಂಕು. ಕೆಟ್ಟರೆ ಬಿಡಿಭಾಗ ಯಾರ ಬಳಿ ಸಿಗುತ್ತದೆ, ಕಂಪ್ರೆಸರ್‌ಗೆ ಎಷ್ಟು ವರ್ಷ ವಾರಂಟಿ, ಟ್ಯಾಂಕಿಗೆ ಎಷ್ಟು, ಕೂಲಿಗೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರನ್ನು, ಅಪಾರ್ಟ್‌ಮೆಂಟಾದರೆ ಅಲ್ಲಿನ ಸಂಘವನ್ನು ಕೇಳದೆ ಮುಂದುವರಿಯಬೇಡಿ. ಊರಿನಂತೆ ಪರಿಚಯದ ಪ್ಲಂಬರನ್ನು ಕರೆದು ಭಾನುವಾರ ಮುಗಿಸುವ ಕೆಲಸವಲ್ಲ ಇದು. ಲೈಸೆನ್ಸ್ ಇರುವ ಪ್ಲಂಬರ್, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಇಬ್ಬರೂ ಬೇಕು, ಕೆಲಸದ ಸರ್ಟಿಫಿಕೇಟ್ ನಿಮ್ಮ ಕೈಗೆ ಬರಬೇಕು.

ಕೂರಿಸಿದ ಮೇಲೆ

ಜಾಗ ಆರಿಸುವಾಗ ಪಕ್ಕದ ಮನೆಯ ಮಲಗುವ ಕೋಣೆ ಕಿಟಕಿ ಎಲ್ಲಿದೆ ನೋಡಿ. ಫ್ಯಾನಿನ ಗುಂಯ್‌ ಶಬ್ದಕ್ಕೆ ಕೌನ್ಸಿಲ್‌ವರೆಗೆ ದೂರು ಹೋಗುತ್ತದೆ. ಗಾಳಿ ಆಡಲು ಜಾಗವಿರಲಿ, ಯಂತ್ರ ಬೆವರಿಳಿಸುವ ನೀರು ಹರಿದುಹೋಗಲು ಪೈಪಿರಲಿ. ಟ್ಯಾಂಕಿನಿಂದ ಹೊರಡುವ ಬಿಸಿ ಪೈಪಿಗೆ ಫೋಮ್ ಸುತ್ತಿಸಿ. ಟ್ಯಾಂಕು ಬಚ್ಚಲಿಗೆ ಹತ್ತಿರವಿದ್ದಷ್ಟೂ ಬೆಂಗಳೂರಿನಲ್ಲಿ ಮಾಡಿದಂತೆ ಬಿಸಿ ಬರುವವರೆಗೆ ಒಂದು ಬಕೆಟ್ ತಣ್ಣೀರು ಹಿಡಿದಿಡುವ ಕೆಲಸ ತಪ್ಪುತ್ತದೆ.

ಎನಾಮಲ್ ಲೇಪದ ಉಕ್ಕಿನ ಟ್ಯಾಂಕಿನೊಳಗೆ ಮೆಗ್ನೀಷಿಯಂ ಸರಳೊಂದು ಇರುತ್ತದೆ. ತುಕ್ಕು ಟ್ಯಾಂಕನ್ನು ಬಿಟ್ಟು ಮೊದಲು ಅದನ್ನು ತಿನ್ನಲಿ ಎಂದು ಇಡುವುದು. ಸುಮಾರು ಐದು ವರ್ಷಕ್ಕೊಮ್ಮೆ ಬದಲಿಸಿ. ಪರ್ತ್, ಅಡಿಲೇಡ್‌ಗಳ ಗಡಸು ನೀರಿನಲ್ಲಿ ಅದಕ್ಕೂ ಮುಂಚೆ ನೋಡಿಸಿ. ಬೋರ್‌ವೆಲ್ ನೀರು ಗೀಸರ್ ಕಾಯಿಲಿಗೆ ಬಿಳಿ ಪದರ ಕಟ್ಟುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟ್ಯಾಂಕಿನ ಪಕ್ಕೆಯಲ್ಲಿ ಸಣ್ಣ ಹಿಡಿಕೆಯ ಪಿಟಿಆರ್ ವಾಲ್ವ್ ಇರುತ್ತದೆ. ಒತ್ತಡವೋ ಶಾಖವೋ ಮಿತಿ ಮೀರಿದರೆ ನೀರು ಹೊರಬಿಡುವುದು ಅದರ ಕೆಲಸ. ಆರು ತಿಂಗಳಿಗೊಮ್ಮೆ ಹಿಡಿಕೆ ಮೆಲ್ಲಗೆ ಎತ್ತಿ ಇಳಿಸಿ, ಕೈ ದೂರವಿರಲಿ, ಬರುವುದು ಕುದಿವ ನೀರಿನಂಥದ್ದು. ಅದರ ಪೈಪು ತೊಟ್ಟಿಕ್ಕುವುದನ್ನು ಕಂಡು ಗಾಬರಿಯಾಗಿ ಬೂಚು ಹಾಕಿಸಿದರೆ ಟ್ಯಾಂಕೇ ಸಿಡಿಯಬಹುದು. 250 ಲೀಟರ್ ನೀರು 20ರಿಂದ 60 ಡಿಗ್ರಿಗೆ ಏರಿದರೆ ಹಿಗ್ಗಿ 3ರಿಂದ 4 ಲೀಟರ್ ಹೆಚ್ಚಾಗುತ್ತದೆ, ಅದು ಹೊರಗೆ ಬರಲೇಬೇಕು. ಕಾಯುವ ಹೊತ್ತಿನಲ್ಲಿ ಮಾತ್ರ ತೊಟ್ಟಿಕ್ಕಿದರೆ ಸರಿ. ರಾತ್ರಿ ಟೈಮರ್ ಆಫ್ ಇದ್ದಾಗ ಕೆಳಗೊಂದು ಬಕೆಟ್ ಇಟ್ಟು ಮಲಗಿ. ಬೆಳಗ್ಗೆ ಅದರಲ್ಲಿ ನೀರು ನಿಂತಿದ್ದರೆ ಪ್ಲಂಬರಿಗೆ ಫೋನ್ ಮಾಡಿ.